ಗಣಕಕ್ಕೆ ಮಾತು ಕಲಿಸಿದ ಗಣಿತ ಶಿಕ್ಷಕಿ – ಗ್ರೇಸ್ ಹಾಪರ್

ಮಕ್ಕಳೇ, ನಾಲ್ಕಾಣೆ ಎಂದರೆ ಎಷ್ಟು ಎಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಇಪ್ಪತ್ತೈದು ಪೈಸೆ ಎನ್ನುತ್ತಾರೆ. ಎಂಟಾಣೆ ಎಂದರೆ ಐವತ್ತು ಪೈಸೆ. 1957ರ ಏಪ್ರಿಲ್ 1ಕ್ಕೆ ಮೊದಲು ನಮ್ಮಲ್ಲಿ ಒಂದು ರೂಪಾಯಿಗೆ ನೂರು ಪೈಸೆ ಇರಲಿಲ್ಲ, ಹದಿನಾರು ಆಣೆ ಇತ್ತು. ಒಂದು ಆಣೆಗೆ ಹನ್ನೆರಡು ಪೈ.

ಒಮ್ಮೆ ಕುಣಿಗಲ್ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ತನ್ನ ಮುತ್ತಜ್ಜನ ಲೆಕ್ಕದ ಪುಸ್ತಕ ತಂದು ತೋರಿಸಿದ. ಅದರಲ್ಲಿ ಒಂದು ಕಡೆ 1-8-0 ಎಂದು ಬರೆದಿತ್ತು. ಇದು ಎಷ್ಟು ಹಣ ಎಂದು ತರಗತಿಯನ್ನು ಕೇಳಿದೆ. ಒಬ್ಬಳು ನೂರ ಎಂಬತ್ತು ಎಂದಳು. ಇನ್ನೊಬ್ಬ ಒಂದು ರೂಪಾಯಿ ಎಂಟು ಪೈಸೆ ಎಂದ. ನಿಜವಾದ ಉತ್ತರ ಒಂದು ರೂಪಾಯಿ ಎಂಟಾಣೆ, ಅಂದರೆ ಒಂದೂವರೆ ರೂಪಾಯಿ. ಶಾಯಿ ಮಾಸಿರಲಿಲ್ಲ, ಅಂಕಿಗಳೂ ಸ್ಪಷ್ಟವಾಗಿದ್ದವು. ಆದರೆ ಆ ಅಂಕಿಗಳನ್ನು ಯಾವ ಲೆಕ್ಕದಲ್ಲಿ ಓದಬೇಕು ಎಂಬುದು ಪುಸ್ತಕದಲ್ಲಿ ಬರೆದಿರಲಿಲ್ಲ. ಅದು ಮುತ್ತಜ್ಜನ ತಲೆಯಲ್ಲಿತ್ತು, ಅವರ ಜೊತೆಗೇ ಹೋಯಿತು.

ಗಣಕಯಂತ್ರಗಳ ಲೋಕದಲ್ಲಿ ಈ ತೊಂದರೆ ದಿನವೂ ಎದುರಾಗುತ್ತದೆ. ಒಂದು ಕಡೆ ಬರೆದಿಟ್ಟ ದತ್ತಾಂಶವನ್ನು ಇನ್ನೊಂದು ಕಡೆ ಓದುವಾಗ ಅದರ ಬಗೆ ಯಾವುದು ಎಂದು ತಿಳಿಯದಿದ್ದರೆ ಲೆಕ್ಕ ಕೆಡುತ್ತದೆ. ಇದಕ್ಕೆ ದಾರಿ ಹುಡುಕಿದ ಮೊದಲಿಗರಲ್ಲಿ ಒಬ್ಬರು ಒಬ್ಬ ಗಣಿತ ಶಿಕ್ಷಕಿ. ಅವರ ಹೆಸರು ಗ್ರೇಸ್ ಹಾಪರ್.

ಏಳು ಗಡಿಯಾರಗಳ ಕಥೆ

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಮೂವರು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ವಿಮಾ ವ್ಯವಹಾರದಲ್ಲಿದ್ದರು. ತಾಯಿಗೆ ಗಣಿತವೆಂದರೆ ಇಷ್ಟ. ಗ್ರೇಸ್‌ಗೆ ಏಳು ವರ್ಷವಾಗಿದ್ದಾಗ ಅಲಾರಂ ಗಡಿಯಾರ ಹೇಗೆ ಓಡುತ್ತದೆ ಎಂಬ ಕುತೂಹಲ ಹುಟ್ಟಿತು. ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ಹೇಗಿತ್ತೆಂದು ನೋಡಲು ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಚ್ಚಿಹೋದವು. ತಾಯಿ ಪೂರ್ತಿ ನಿಷೇಧ ಹೇರಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರ ಬಿಚ್ಚಬಹುದು ಎಂದು ಮಿತಿ ಹಾಕಿದರು.

ತಂದೆಗೆ ರಕ್ತನಾಳದ ಕಾಯಿಲೆಯಿಂದ ಎರಡೂ ಕಾಲುಗಳನ್ನು ಕತ್ತರಿಸಬೇಕಾಯಿತು. ತಾವು ಹೆಚ್ಚು ಕಾಲ ಬದುಕುವೆವೋ ಇಲ್ಲವೋ ಎಂಬ ಚಿಂತೆಯಲ್ಲಿ ಅವರು ಹೆಣ್ಣುಮಕ್ಕಳೂ ಗಂಡುಮಗನಷ್ಟೇ ಓದಬೇಕು, ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಎಂದು ನಿಶ್ಚಯಿಸಿದರು. ಆ ಕಾಲಕ್ಕೆ ಅದು ಸಾಮಾನ್ಯ ಮಾತಾಗಿರಲಿಲ್ಲ.

ಗ್ರೇಸ್ ಹದಿನಾರನೇ ವಯಸ್ಸಿನಲ್ಲಿ ವಸ್ಸಾರ್ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್ ಭಾಷೆಯಲ್ಲಿ ಅಂಕ ಸಾಲದೆ ಪ್ರವೇಶ ಸಿಗಲಿಲ್ಲ. ಮರುವರ್ಷ ಸಿಕ್ಕಿತು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾಲಯದಲ್ಲಿ 1930ರಲ್ಲಿ ಸ್ನಾತಕೋತ್ತರ ಪದವಿ, 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಈ ನಡುವೆ 1930ರಲ್ಲಿ ವಿನ್ಸೆಂಟ್ ಹಾಪರ್ ಎಂಬುವರನ್ನು ಮದುವೆಯಾದರು. 1945ರಲ್ಲಿ ಆ ಮದುವೆ ಮುರಿಯಿತು, ಹಾಪರ್ ಎಂಬ ಹೆಸರು ಉಳಿಯಿತು. 1931ರಿಂದ ತಾವು ಓದಿದ ವಸ್ಸಾರ್ ಕಾಲೇಜಿನಲ್ಲೇ ಗಣಿತ ಪಾಠ ಹೇಳತೊಡಗಿದರು.

ತೂಕ ಸಾಲದ ಸೈನಿಕಳು

ಎರಡನೇ ಮಹಾಯುದ್ಧ ಬಂತು. ಗ್ರೇಸ್ ನೌಕಾಪಡೆ ಸೇರಲು ಹೊರಟರು. ವಯಸ್ಸು ಮೀರಿದೆ ಎಂದರು. ಎತ್ತರಕ್ಕೆ ತಕ್ಕ ತೂಕವಿಲ್ಲ, ಸುಮಾರು 7 ಕಿಲೋ ಕಡಿಮೆ ಎಂದರು. ಗಣಿತ ಶಿಕ್ಷಕರು ಕಾಲೇಜಿನಲ್ಲೇ ಇರುವುದು ದೇಶಕ್ಕೆ ಒಳ್ಳೆಯದು ಎಂದೂ ಹೇಳಿದರು. ಅವರು ಬಿಡಲಿಲ್ಲ. ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ನೌಕಾ ಮೀಸಲು ಪಡೆ ಸೇರಿದರು. ತರಬೇತಿಯಲ್ಲಿ ಮೊದಲ ಸ್ಥಾನ ಬಂತು. 1944ರ ಜುಲೈನಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು.

ಅಲ್ಲಿ ಅವರಿಗಾಗಿ ಕಾದಿದ್ದುದು ಮಾರ್ಕ್ ಒಂದು ಎಂಬ ಗಣಕಯಂತ್ರ. ಉದ್ದ ಸುಮಾರು 15 ಮೀಟರ್, ಎತ್ತರ ಸುಮಾರು ಎರಡೂವರೆ ಮೀಟರ್, ತೂಕ ನಾಲ್ಕು ಟನ್ನಿಗೂ ಹೆಚ್ಚು. ನಿಮ್ಮ ಶಾಲೆಯ ಎರಡು ಕೊಠಡಿಗಳ ಗೋಡೆ ಸೇರಿಸಿದಷ್ಟು ಉದ್ದ! ಇಷ್ಟಾದರೂ ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾತ್ರ ಮಾಡುತ್ತಿತ್ತು. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಅದಕ್ಕೆ ಆದೇಶ ಕೊಡಬೇಕಿತ್ತು. ಯಾವ ತೂತು ಎಲ್ಲಿ ಎಂಬುದೇ ಅದರ ಭಾಷೆ. ಗ್ರೇಸ್ ಆ ಭಾಷೆ ಕಲಿತರು. ಹಿರಿಯ ಅಧಿಕಾರಿ ಹೋವರ್ಡ್ ಐಕೆನ್ ಅದರ ಕೈಪಿಡಿ ಬರೆಯುವ ಕೆಲಸ ಒಪ್ಪಿಸಿದರು. 1946ರಲ್ಲಿ ಪ್ರಕಟವಾದ ಆ ಪುಸ್ತಕ ಐನೂರಕ್ಕೂ ಹೆಚ್ಚು ಪುಟಗಳದು.

ಇದರ ಮುಂದಿನ ಯಂತ್ರವಾದ ಮಾರ್ಕ್ ಎರಡರಲ್ಲಿ 1947ರ ಸೆಪ್ಟೆಂಬರ್ 9ರಂದು ಒಂದು ಪತಂಗ ಸಿಕ್ಕಿಕೊಂಡು ಕೆಲಸ ನಿಂತಿತು. ಸಿಬ್ಬಂದಿ ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ಪುಟ ಇಂದಿಗೂ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಯಂತ್ರದ ದೋಷಕ್ಕೆ ಹುಳು ಎನ್ನುವ ಅರ್ಥದ ಬಗ್ ಎಂಬ ಪದ ಹುಟ್ಟಿದ್ದೇ ಇಲ್ಲಿ ಎಂದು ಕೆಲವು ಪುಸ್ತಕಗಳು ಹೇಳುತ್ತವೆ. ಅದು ಸರಿಯಲ್ಲ. ಆ ಪದ ಅದಕ್ಕೂ ಎಷ್ಟೋ ಮೊದಲೇ ಬಳಕೆಯಲ್ಲಿತ್ತು. ಗ್ರೇಸ್ ಈ ಕಥೆಯನ್ನು ಸ್ವಾರಸ್ಯವಾಗಿ ಹೇಳಿ ಹೇಳಿ ಜನಪ್ರಿಯ ಮಾಡಿದರು, ಅಷ್ಟೇ.

ಬ್ಯಾಂಕ್ ಲೆಕ್ಕ ತಪ್ಪಿದ್ದೇಕೆ?

ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. 1949ರಲ್ಲಿ ಫಿಲಡೆಲ್ಫಿಯಾ ನಗರದ ಎಕರ್ಟ್–ಮೌಚ್ಲಿ ಎಂಬ ಹೊಸ ಕಂಪನಿ ಸೇರಿದರು. ಅಲ್ಲಿನ ಬೈನ್ಯಾಕ್ ಎಂಬ ಗಣಕಕ್ಕೆ ಆದೇಶ ಬರೆಯುವಾಗ ಅಷ್ಟಮಾನ ಪದ್ಧತಿ ಬಳಸಬೇಕಿತ್ತು. ನಮ್ಮ ದಶಮಾನದಲ್ಲಿ 0ಯಿಂದ 9ರವರೆಗೆ ಹತ್ತು ಅಂಕಿಗಳು. ಅಷ್ಟಮಾನದಲ್ಲಿ 0ಯಿಂದ 7ರವರೆಗೆ ಎಂಟೇ ಅಂಕಿಗಳು. ಏಳಾದ ಮೇಲೆ 10 ಎಂದು ಬರೆಯಬೇಕು, ಅದರ ಬೆಲೆ ಎಂಟು. ಗ್ರೇಸ್ ಅದರಲ್ಲೇ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದನ್ನೆಲ್ಲ ಕಲಿತುಬಿಟ್ಟರು.

ಕೆಲವು ತಿಂಗಳು ಕಳೆದವು. ಅವರ ಬ್ಯಾಂಕ್ ಚೆಕ್ ಪುಸ್ತಕದ ಲೆಕ್ಕ ತಾಳೆಯಾಗುತ್ತಿಲ್ಲ! ಎಷ್ಟು ಸಲ ನೋಡಿದರೂ ತಪ್ಪು ಸಿಗಲಿಲ್ಲ. ಬ್ಯಾಂಕಿನಲ್ಲಿದ್ದ ತಮ್ಮನನ್ನು ಕರೆದು ತೋರಿಸಿದರು. ತಮ್ಮ ಕುಳಿತು ನೋಡಿ ತಪ್ಪು ಹಿಡಿದರು. ಅಕ್ಕ ನಡುನಡುವೆ ಅಷ್ಟಮಾನದಲ್ಲಿ ಕಳೆದಿದ್ದರು. 52ರಲ್ಲಿ 17 ಕಳೆದರೆ ನಮಗೆ 35. ಅಷ್ಟಮಾನದಲ್ಲಿ ದಶಕ ತೆಗೆದುಕೊಂಡಾಗ ಸಿಗುವುದು ಹತ್ತಲ್ಲ, ಎಂಟು. ಎಂಟಕ್ಕೆ ಎರಡು ಸೇರಿ ಹತ್ತು, ಅದರಲ್ಲಿ ಏಳು ಹೋದರೆ ಮೂರು. ಎಡಗಡೆ ಉಳಿದ ನಾಲ್ಕರಲ್ಲಿ ಒಂದು ಹೋದರೆ ಮೂರು. ಉತ್ತರ 33. ಎರಡೂ ಲೆಕ್ಕ ಸರಿಯೇ. ಆದರೆ ಬ್ಯಾಂಕಿಗೆ ಒಂದೇ ಸರಿ.

ಹೊಟ್ಟೆ ತುಂಬ ನಗಿಸುವ ಈ ಪ್ರಸಂಗದಲ್ಲಿ ದೊಡ್ಡ ಪಾಠವಿದೆ. ಯಂತ್ರದ ಅನುಕೂಲಕ್ಕೆ ಮನುಷ್ಯ ತನ್ನ ಲೆಕ್ಕದ ಪದ್ಧತಿ ಬದಲಿಸಿಕೊಳ್ಳಬೇಕೇ? ಅಥವಾ ಮನುಷ್ಯ ಬರೆದದ್ದನ್ನು ಯಂತ್ರವೇ ತನಗೆ ಬೇಕಾದ ಬಗೆಗೆ ಬದಲಿಸಿಕೊಳ್ಳಬೇಕೇ? ಗ್ರೇಸ್ ಎರಡನೆಯದು ಸರಿ ಎಂದು ತೀರ್ಮಾನಿಸಿದರು.

ನಕಲು ಮಾಡುವ ಕೆಲಸ ಯಂತ್ರಕ್ಕೆ

ಆಗಿನ ಕ್ರಮವಿಧಿಕಾರರು ಪದೇ ಪದೇ ಬೇಕಾಗುವ ಲೆಕ್ಕಗಳ ಆದೇಶಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡುತ್ತಿದ್ದರು. ಹಾಗೆ ಮಾಡುವಾಗ ಪ್ರತಿ ಆದೇಶದ ವಿಳಾಸ ಸಂಖ್ಯೆಗೂ ಹೊಸ ಜಾಗಕ್ಕೆ ತಕ್ಕಂತೆ ಒಂದು ಸಂಖ್ಯೆ ಕೂಡಬೇಕಿತ್ತು. ನಕಲಿನಲ್ಲೂ ತಪ್ಪು, ಕೂಡುವುದರಲ್ಲೂ ತಪ್ಪು. ಹೀಗೆ ನಕಲು ಮಾಡುವುದು, ಕೂಡುವುದು ಯಂತ್ರಕ್ಕೇ ಚೆನ್ನಾಗಿ ಬರುವ ಕೆಲಸವಲ್ಲವೇ ಎಂದು ಗ್ರೇಸ್ ಯೋಚಿಸಿದರು.

ಆ ಹೊತ್ತಿಗೆ ಕಂಪನಿಯ ಯುನಿವ್ಯಾಕ್ ಗಣಕ ಸಿದ್ಧವಾಗಿತ್ತು. 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆ ಮೊದಲ ಯುನಿವ್ಯಾಕ್ ಪಡೆಯಿತು. ಗ್ರೇಸ್ ಲೆಕ್ಕದ ತುಣುಕುಗಳಿಗೆಲ್ಲ ಒಂದೊಂದು ಸಂಕೇತ ಕೊಟ್ಟು ಟೇಪಿನಲ್ಲಿ ಇಟ್ಟರು. ಬಳಸುವವರು ಸಂಕೇತ ಬರೆದರೆ ಸಾಕು. ಗಣಕವೇ ಆ ತುಣುಕನ್ನು ಹುಡುಕಿ ತಂದು, ವಿಳಾಸ ಸರಿಪಡಿಸಿ, ಸಾಲಾಗಿ ಜೋಡಿಸಿ ಪೂರ್ತಿ ಕ್ರಮವಿಧಿ ಸಿದ್ಧಪಡಿಸುತ್ತಿತ್ತು. ಇದಕ್ಕೆ ಅವರು ಕಂಪೈಲರ್ ಎಂದರು, ಅಂದರೆ ಸಂಗ್ರಹಿಸಿ ಜೋಡಿಸುವುದು. 1952ರ ಈ ಕೆಲಸದ ಹೆಸರು ಎ-ಸೊನ್ನೆ.

ಒಂದು ಕಗ್ಗಂಟು ಮಾತ್ರ ಉಳಿದಿತ್ತು. ಇನ್ನೂ ಸಿದ್ಧವಾಗದ ಮುಂದಿನ ತುಣುಕಿಗೆ ಹೋಗು ಎಂದು ಈಗಲೇ ಬರೆಯುವುದು ಹೇಗೆ? ಅದರ ವಿಳಾಸವೇ ಗೊತ್ತಿಲ್ಲವಲ್ಲ. ಕಾಲೇಜಿನಲ್ಲಿ ಆಡಿದ್ದ ಬಾಸ್ಕೆಟ್‌ಬಾಲ್ ನೆನಪಿಗೆ ಬಂತು. ತಾನು ಮುಂದೆ ಓಡುವ ಮೊದಲು ಚೆಂಡನ್ನು ನಡುವಿನ ಗೆಳತಿಗೆ ಕೊಟ್ಟು, ಓಡಿ ನಿಂತ ಮೇಲೆ ಮರಳಿ ಪಡೆಯುವ ಉಪಾಯ. ಅದರಂತೆ ಸ್ಮೃತಿಯಲ್ಲಿ ಒಂದು ಮೂಲೆ ಮೀಸಲಿಟ್ಟರು. ಮೊದಲು ಆ ಮೂಲೆಗೆ ಹೋಗು ಎಂದು ಬರೆಯುವುದು, ಮುಂದಿನ ತುಣುಕಿನ ಜಾಗ ಗೊತ್ತಾದ ಮೇಲೆ ಆ ಮೂಲೆಯಲ್ಲಿ ಅದರ ವಿಳಾಸ ಇಡುವುದು. ಆಟದ ಬುದ್ಧಿ ಗಣಕಕ್ಕೆ ಬಂತು!

ಇಂದಿನ ದೃಷ್ಟಿಯಿಂದ ಎ-ಸೊನ್ನೆ ತೀರ ಸರಳ. ಭಾಷಾಂತರಕ್ಕಿಂತ ಜೋಡಣೆಯೇ ಅದರಲ್ಲಿ ಹೆಚ್ಚು. ಆದರೆ ಆಗ ಹಲವರು ಅದನ್ನು ಬಳಸಲು ಒಪ್ಪಲಿಲ್ಲ. ಗಣಕ ಲೆಕ್ಕ ಮಾಡುತ್ತದೆಯೇ ಹೊರತು ಕ್ರಮವಿಧಿ ಬರೆಯಲಾರದು ಎಂಬುದೇ ಆಗಿನ ನಂಬಿಕೆ.

ಯಂತ್ರಕ್ಕೆ ಫ್ರೆಂಚ್ ಬರುತ್ತದೆಯೇ?

ಅಂಗಡಿ, ಬ್ಯಾಂಕು, ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಬೀಜಗಣಿತದ ಚಿಹ್ನೆಗಳು ಇಷ್ಟವಾಗುವುದಿಲ್ಲ, ಅವರು ಮಾತಿನಲ್ಲಿ ಕೆಲಸ ಹೇಳುತ್ತಾರೆ ಎಂಬುದನ್ನು ಗ್ರೇಸ್ ಗಮನಿಸಿದ್ದರು. ಆದ್ದರಿಂದ ಕೂಡು, ಹೋಲಿಸು, ನಿಲ್ಲಿಸು ಎಂಬಂಥ ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯುವ ಭಾಷೆಯೊಂದನ್ನು ರೂಪಿಸಿದರು. ಮೇಲಧಿಕಾರಿಗಳಿಗೆ ತೋರಿಸುವಾಗ ಅದೇ ಚಿಕ್ಕ ಕ್ರಮವಿಧಿಯನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಬರೆದು ತೋರಿಸಿದರು. ಯಂತ್ರಕ್ಕೆ ಯಾವ ಭಾಷೆಯಾದರೂ ಒಂದೇ. ಪದವೆಂದರೆ ಅದಕ್ಕೆ ಬರಿಯ ಸಂಕೇತ. ಒಂದು ಪಟ್ಟಿ ಬದಲಿಸಿದರೆ ಭಾಷೆ ಬದಲಾಯಿತು.

ಆದರೆ ಅಧಿಕಾರಿಗಳು ಬೆಚ್ಚಿದರು. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ಹೇಗೆ ಅರ್ಥವಾದೀತು ಎಂದು ಅನುಮಾನಪಟ್ಟರು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಮಾತೆತ್ತುವುದಿಲ್ಲ ಎಂದು ಗ್ರೇಸ್ ಒಪ್ಪಿಕೊಂಡು ಕೆಲಸ ಮುಂದುವರಿಸಬೇಕಾಯಿತು. ಯಂತ್ರಕ್ಕೆ ಇಂಗ್ಲಿಷ್ ಹುಟ್ಟಿನಿಂದ ಬಂದದ್ದಲ್ಲ ಎಂಬುದನ್ನು ಕನ್ನಡ ಮಾಧ್ಯಮದ ಮಕ್ಕಳಾದ ನೀವು ಚೆನ್ನಾಗಿ ನೆನಪಿಡಿ. ಈಗ ಮಕ್ಕಳು ಕಲಿಯುವ ಸ್ಕ್ರ್ಯಾಚ್ ಎಂಬ ತಂತ್ರಾಂಶದ ಇಟ್ಟಿಗೆಗಳ ಮೇಲೆ ನಮ್ಮ ಭಾಷೆಯ ಪದ ಬರೆದರೂ ಅವು ಅದೇ ಕೆಲಸ ಮಾಡುತ್ತವೆ.

ಗ್ರೇಸ್ ತಂಡದ ಈ ಭಾಷೆಗೆ ಫ್ಲೋಮ್ಯಾಟಿಕ್ ಎಂಬ ಹೆಸರು ಬಂತು. ಅದರಲ್ಲಿ ಇನ್ನೊಂದು ಹೊಸತನವಿತ್ತು. ಏನು ಕೆಲಸ ಮಾಡಬೇಕು ಎಂಬುದನ್ನು ಒಂದು ಕಡೆ, ದತ್ತಾಂಶ ಯಾವ ಬಗೆಯದು ಎಂಬುದನ್ನು ಬೇರೆ ಕಡೆ ಬರೆಯುವುದು. ಇದೇಕೆ ಮುಖ್ಯ? ಕೆಳಗಿನ ಅಂಕಿಗಳನ್ನು ನೋಡಿ.

09122014142

ಇದು ಏನು? ಫೋನ್ ಸಂಖ್ಯೆಯೇ? ಹಣವೇ? ಜೊತೆಗೆ ಒಂದು ವಿವರಣೆ ಕೊಡೋಣ. ಮೊದಲ ಎರಡು ಅಂಕಿ ದಿನ, ನಂತರದ ಎರಡು ತಿಂಗಳು, ನಂತರದ ನಾಲ್ಕು ವರ್ಷ, ಕೊನೆಯ ಮೂರು ಎತ್ತರ, ಸೆಂಟಿಮೀಟರಿನಲ್ಲಿ. ಈಗ ತಿಳಿಯಿತು. 2014ರ ಡಿಸೆಂಬರ್ 9ರಂದು ಹುಟ್ಟಿದ, 142 ಸೆಂಟಿಮೀಟರ್ ಎತ್ತರದ ಮಗು. ಇದನ್ನೇ ಅಮೆರಿಕದ ಶಾಲೆಯೊಂದು ಓದಿದರೆ? ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಮಗುವಿನ ಹುಟ್ಟುಹಬ್ಬ ಸೆಪ್ಟೆಂಬರ್ 12 ಆಗಿಬಿಡುತ್ತದೆ!

1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಗಣಕ ಕಂಪನಿಗಳನ್ನೂ ಬಳಕೆದಾರರನ್ನೂ ಕರೆದು ಎಲ್ಲ ಗಣಕಗಳಿಗೂ ಹೊಂದುವ ಒಂದು ವ್ಯವಹಾರ ಭಾಷೆ ಬೇಕೆಂದಿತು. ಹಾಗೆ ಹುಟ್ಟಿದ್ದು ಕೋಬಾಲ್. ಇದನ್ನು ಗ್ರೇಸ್ ಒಬ್ಬರೇ ಮಾಡಲಿಲ್ಲ. ಜೀನ್ ಸ್ಯಾಮೆಟ್ ಮೊದಲಾದ ಅನೇಕರ ಸಮಿತಿ ಅದನ್ನು ರೂಪಿಸಿತು. ಗ್ರೇಸ್ ಸಲಹೆಗಾರರಾಗಿದ್ದರು, ಅವರ ಫ್ಲೋಮ್ಯಾಟಿಕ್ ಅದಕ್ಕೆ ಮುಖ್ಯ ಅಡಿಪಾಯವಾಯಿತು. ಕೋಬಾಲಿನಲ್ಲಿ ದತ್ತಾಂಶದ ವಿವರಣೆಗೆಂದೇ ಪ್ರತ್ಯೇಕ ವಿಭಾಗವಿದೆ. ಮೂರಂಕಿಯ ಸಂಖ್ಯೆ ಬರುತ್ತದೆ ಎನ್ನಲು ಅಲ್ಲಿ 999 ಎಂದು ಚಿತ್ರದಂತೆ ಬರೆದು ತೋರಿಸುತ್ತಾರೆ. 1960ರ ಡಿಸೆಂಬರಿನಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಗಣಕಗಳಲ್ಲಿ ಬಹುಮಟ್ಟಿಗೆ ಒಂದೇ ಕೋಬಾಲ್ ಕ್ರಮವಿಧಿ ಓಡಿ ಒಂದೇ ಉತ್ತರ ಕೊಟ್ಟಿತು. ಅದು ಅಂದಿಗೆ ದೊಡ್ಡ ಸಾಧನೆ.

ಕಂಠಪಾಠದ ನಟ, ಹೇಳಿಸಿಕೊಳ್ಳುವ ನಟ

ಗ್ರೇಸ್ ಅವರ ನಂತರ ನೂರಾರು ಗಣಕ ಭಾಷೆಗಳು ಬಂದವು. ಅವುಗಳಲ್ಲಿ ಎರಡು ಬಗೆಗಳನ್ನು ನಾವು ತಿಳಿಯೋಣ. ಗುಬ್ಬಿ ಎಂದರೆ ನಮ್ಮ ಜಿಲ್ಲೆಯವರಿಗೆ ನಾಟಕ ಕಂಪನಿ ನೆನಪಾಗುತ್ತದೆ, ಅಲ್ಲವೇ? ನಾಟಕದಲ್ಲಿ ಒಬ್ಬ ನಟ ಪೂರ್ತಿ ಮಾತುಗಳನ್ನು ಮೊದಲೇ ಕಂಠಪಾಠ ಮಾಡಿ ರಂಗಕ್ಕೆ ಬರುತ್ತಾನೆ. ಅವನಿಗೆ ತಡವಿಲ್ಲ, ತೊದಲಿಲ್ಲ. ಆದರೆ ಮಾತು ಬದಲಿಸಬೇಕಾದರೆ ಮತ್ತೆ ಕಲಿಯಬೇಕು. ಇನ್ನೊಬ್ಬ ನಟ ಪರದೆಯ ಪಕ್ಕದಲ್ಲಿ ನಿಂತವರು ಒಂದೊಂದು ಸಾಲು ಹೇಳಿಕೊಟ್ಟಂತೆ ಆಡುತ್ತಾನೆ. ಸ್ವಲ್ಪ ನಿಧಾನ. ಆದರೆ ಮಾತನ್ನು ಆ ಕ್ಷಣದಲ್ಲೇ ಬದಲಿಸಬಹುದು.

ಕಂಪೈಲರ್ ಮೂಲಕ ಪೂರ್ತಿ ಮೊದಲೇ ಯಂತ್ರಭಾಷೆಗೆ ತಿರುಗಿಸಿದ ಕ್ರಮವಿಧಿ ಮೊದಲನೇ ನಟನಂತೆ. ಪೈಥಾನ್ ಮುಂತಾದ ಸ್ಕ್ರಿಪ್ಟ್ ಭಾಷೆಗಳು ಎರಡನೆಯವನಂತೆ. ಇಂದು ದೊಡ್ಡ ತಂತ್ರಾಂಶಗಳಲ್ಲಿ ಇಬ್ಬರೂ ಒಂದೇ ರಂಗದ ಮೇಲಿರುತ್ತಾರೆ. ವೇಗ ಬೇಕಾದ ಲೆಕ್ಕ ಮೊದಲನೆಯವನಿಗೆ, ಆಗಾಗ ಬದಲಾಗುವ ಕೆಲಸ ಎರಡನೆಯವನಿಗೆ. ಇಬ್ಬರ ನಡುವೆ ದತ್ತಾಂಶ ಹೋಗಿ ಬರುತ್ತಿರಬೇಕು. ತೊಡಕು ಬರುವುದು ಅಲ್ಲೇ.

ಮೇಲೆ ನೋಡಿದ ಮಗುವಿನ ವಿವರವನ್ನೇ ತೆಗೆದುಕೊಳ್ಳಿ. ಸಂಖ್ಯೆ, ಅಕ್ಷರ ಇವು ಎಲ್ಲ ಭಾಷೆಗೂ ಗೊತ್ತು. ಆದರೆ ಹೆಸರು, ಹುಟ್ಟಿದ ದಿನ, ಎತ್ತರ ಸೇರಿಸಿ ವಿದ್ಯಾರ್ಥಿ ಎಂಬ ಹೊಸ ಬಗೆಯನ್ನು ನಾವೇ ಮಾಡಿಕೊಂಡಿದ್ದೇವೆ. ಕಂಪೈಲ್ ಆದ ಕ್ರಮವಿಧಿ ಸಾಮಾನ್ಯವಾಗಿ ಅದನ್ನು ಚೀಟಿ ಅಂಟಿಸದ ಡಬ್ಬಗಳಂತೆ ಸಾಲಾಗಿ ಇಡುತ್ತದೆ. ಎಷ್ಟನೇ ಡಬ್ಬದಲ್ಲಿ ಏನಿದೆ ಎಂದು ಅದಕ್ಕೆ ಗೊತ್ತು. ಸ್ಕ್ರಿಪ್ಟ್ ಭಾಷೆಯಲ್ಲಿ ಪ್ರತಿ ಡಬ್ಬಕ್ಕೂ ಚೀಟಿ ಬೇಕು. ಇದು ಬೇಳೆ, ಇದು ಅಕ್ಕಿ ಎಂದು. ಆದ್ದರಿಂದ ನಡುವೆ ಒಂದು ಸೇತುವೆ ಕಟ್ಟುತ್ತಾರೆ. ಆ ಕಡೆಯಿಂದ ಬಂದಾಗ ಸೇತುವೆ ಡಬ್ಬಗಳನ್ನು ಎಣಿಸಿ ಚೀಟಿ ಅಂಟಿಸುತ್ತದೆ. ಈ ಕಡೆಯಿಂದ ಹೋಗುವಾಗ ಚೀಟಿ ಓದಿ, ಸರಿಯಾದ ಪದಾರ್ಥವೇ ಎಂದು ಪರೀಕ್ಷಿಸಿ, ಚೀಟಿ ಕಿತ್ತು ಸರಿಯಾದ ಜಾಗದಲ್ಲಿಡುತ್ತದೆ.

ಸೇತುವೆ ಇನ್ನೂ ಎರಡು ವಿಷಯ ನೋಡಬೇಕು. ಒಂದು, ಡಬ್ಬ ಯಾರದು? ಪಕ್ಕದ ಮನೆಯಿಂದ ಸಕ್ಕರೆ ಕಡ ತಂದರೆ ಸಕ್ಕರೆಯನ್ನು ನಮ್ಮ ಬಟ್ಟಲಿಗೆ ಸುರಿದುಕೊಂಡೆವೋ, ಅವರ ಬಟ್ಟಲನ್ನೇ ತಂದೆವೋ ಎಂಬುದು ಇಬ್ಬರಿಗೂ ಗೊತ್ತಿರಬೇಕು. ಇಲ್ಲದಿದ್ದರೆ ನಾವು ಬಳಸುತ್ತಿರುವಾಗಲೇ ಅವರು ಬಟ್ಟಲು ಖಾಲಿ ಮಾಡಿ ತೊಳೆದಿಟ್ಟಾರು! ಎರಡು, ಡಬ್ಬದ ಅಳತೆ ಸಾಕೇ?

ನಮ್ಮದು ತೆಂಗಿನ ನಾಡು. ತೋಟದ ಲೆಕ್ಕವೊಂದರಲ್ಲಿ 40,000 ಕಾಯಿ ಎಂದಿದೆ ಎನ್ನೋಣ. ಎರಡು ಬೈಟ್ ಅಳತೆಯ ಸಾಮಾನ್ಯ ಪೂರ್ಣಾಂಕದ ಡಬ್ಬದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಪರೀಕ್ಷಿಸದೆ ತುರುಕಿದರೆ 40,000 ಎಂಬುದು ಋಣ 25,536 ಎಂದು ಓದಿಬರಬಹುದು. ಕಾಯಿ ಕೊಟ್ಟ ರೈತನೇ ಕಾಯಿ ಸಾಲಗಾರನಾಗುತ್ತಾನೆ!

ಇದು ಬರಿಯ ತಮಾಷೆಯಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಬಾರಿಗೆ ಹಾರಿತು. ಸುಮಾರು 40 ಸೆಕೆಂಡಿನಲ್ಲಿ ಒಡೆದು ಚೂರಾಯಿತು. ಹಳೆಯ ಏರಿಯಾನ್ 4 ರಾಕೆಟ್ಟಿನ ತಂತ್ರಾಂಶದ ಭಾಗವನ್ನೇ ಇದಕ್ಕೂ ಬಳಸಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಎಂಟು ಬೈಟಿನ ದಶಮಾಂಶ ಸಂಖ್ಯೆಯೊಂದನ್ನು ಎರಡು ಬೈಟಿನ ಪೂರ್ಣಾಂಕಕ್ಕೆ ಬದಲಿಸುವಾಗ ಅದು ಹಿಡಿಯಲಿಲ್ಲ. ದಿಕ್ಕು ತಿಳಿಸುವ ಗಣಕ ನಿಂತುಹೋಯಿತು. ನಿಲ್ಲುವ ಮುನ್ನ ಅದು ಕಳುಹಿಸಿದ ದೋಷದ ವರದಿಯನ್ನು ಮುಖ್ಯ ಗಣಕ ಹಾರಾಟದ ಅಂಕಿಗಳೆಂದೇ ಓದಿ ರಾಕೆಟ್ಟನ್ನು ತಿರುಗಿಸಿತು. ಮನುಷ್ಯರು ಯಾರೂ ಅದರಲ್ಲಿರಲಿಲ್ಲ. ನಾಲ್ಕು ವೈಜ್ಞಾನಿಕ ಉಪಗ್ರಹಗಳು ನಾಶವಾದವು. ಕುಣಿಗಲ್ಲಿನ ಲೆಕ್ಕದ ಪುಸ್ತಕದಲ್ಲಿ ಆದ ತಪ್ಪಿಗೂ ಇದಕ್ಕೂ ಮೂಲ ಒಂದೇ.

ನಮ್ಮ ಕನ್ನಡಕ್ಕೂ ಈ ತೊಂದರೆ ತಟ್ಟಿದೆ. ಹಳೆಯ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಯನ್ನು ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಕಡತ ಕೆಟ್ಟಿಲ್ಲ, ಓದುವ ಬಗೆ ಬೇರೆಯಾಗಿದೆ. ಯೂನಿಕೋಡ್ ಪದ್ಧತಿಯಲ್ಲಿ ಪ್ರಪಂಚದ ಎಲ್ಲ ಗಣಕಗಳಿಗೂ ಕ ಅಕ್ಷರದ ಸಂಖ್ಯೆ ಒಂದೇ, 3221. ಆದ್ದರಿಂದ ಅದರಲ್ಲಿ ಬರೆದದ್ದನ್ನು ತುಮಕೂರಿನಲ್ಲೂ ಓದಬಹುದು, ಟೋಕಿಯೋದಲ್ಲೂ ಓದಬಹುದು.

ಎಂಬತ್ತರ ಹೊಸ್ತಿಲಲ್ಲಿ ನಿವೃತ್ತಿ

1966ರ ಕೊನೆಗೆ ಗ್ರೇಸ್ ಅವರನ್ನು ನೌಕಾಪಡೆ ವಯಸ್ಸಾಯಿತೆಂದು ನಿವೃತ್ತಿಗೊಳಿಸಿತು. ಅವರಿಗೆ ಬಹಳ ಬೇಸರವಾಯಿತು. ಏಳೇ ತಿಂಗಳಲ್ಲಿ ನೌಕಾಪಡೆಯೇ ಮತ್ತೆ ಕರೆಯಿತು. ಒಂದೊಂದು ಕಚೇರಿಯ ಕೋಬಾಲ್ ಒಂದೊಂದು ರೀತಿ ಆಗಿಬಿಟ್ಟಿತ್ತು, ಅದನ್ನು ಒಂದೇ ಮಾನಕಕ್ಕೆ ತರಬೇಕಿತ್ತು. ಆರು ತಿಂಗಳಿಗೆಂದು 1967ರ ಆಗಸ್ಟಿನಲ್ಲಿ ಬಂದವರು ಹತ್ತೊಂಬತ್ತು ವರ್ಷ ಉಳಿದರು. 1985ರಲ್ಲಿ ರಿಯರ್ ಅಡ್ಮಿರಲ್ ಪದವಿ ದೊರೆಯಿತು. 1986ರ ಆಗಸ್ಟ್ 14ರಂದು, 79ನೇ ವಯಸ್ಸಿನಲ್ಲಿ, ಕಾನ್‌ಸ್ಟಿಟ್ಯೂಷನ್ ಎಂಬ ಐತಿಹಾಸಿಕ ಹಡಗಿನ ಮೇಲೆ ನಿವೃತ್ತರಾದರು. ಆಮೇಲೂ ಒಂದು ಗಣಕ ಕಂಪನಿಗೆ ಸಲಹೆಗಾರರಾಗಿ ದುಡಿದರು.

ಅವರ ಕಚೇರಿಯ ಗೋಡೆಯ ಗಡಿಯಾರ ಹಿಂದುಮುಂದಾಗಿ ತಿರುಗುತ್ತಿತ್ತು. ಆದರೂ ಸಮಯ ಸರಿಯಾಗಿಯೇ ತೋರಿಸುತ್ತಿತ್ತು. ಮೊದಲಿನಿಂದ ಹೀಗೇ ಇದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಬೇಕಿಲ್ಲ ಎಂದು ಬಂದವರಿಗೆ ತಿಳಿಸುವುದು ಅವರ ಉದ್ದೇಶ. ಉಪನ್ಯಾಸಕ್ಕೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿ ತುಂಡುಗಳನ್ನು ಹಂಚುತ್ತಿದ್ದರು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, ಚಲಿಸುವ ದೂರ ಅಷ್ಟೇ. ಕಣ್ಣಿಗೆ ಕಾಣದ ಕಾಲವನ್ನು ಕೈಗೆ ಕೊಟ್ಟ ಶಿಕ್ಷಕಿ ಅವರು.

1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಮೆರಿಕದ ನೌಕಾಪಡೆಯ ಒಂದು ಯುದ್ಧನೌಕೆಗೆ ಅವರ ಹೆಸರಿದೆ. 2016ರಲ್ಲಿ ಆ ದೇಶದ ಅತ್ಯುನ್ನತ ನಾಗರಿಕ ಪದಕವನ್ನು ಮರಣೋತ್ತರವಾಗಿ ನೀಡಲಾಯಿತು.

ಅವರ ಕಾಲದಲ್ಲಿ ಗಣಕದ ಸ್ಮೃತಿ ಬಹಳ ದುಬಾರಿ. ಜಾಗ ಉಳಿಸಲು ಅನೇಕರು 1965 ಎಂಬ ವರ್ಷವನ್ನು 65 ಎಂದಷ್ಟೇ ಬರೆಯುತ್ತಿದ್ದರು. 2000ನೇ ವರ್ಷ ಹತ್ತಿರವಾದಾಗ 00 ಎಂದರೆ 1900 ಎಂದು ಗಣಕಗಳು ತಿಳಿಯುವ ಭಯ ಹುಟ್ಟಿತು. ಆಗ ಬೆಂಗಳೂರಿನಲ್ಲಿ ಕುಳಿತು ಸಾವಿರಾರು ಯುವಕ ಯುವತಿಯರು ಹಳೆಯ ಕೋಬಾಲ್ ಸಾಲುಗಳನ್ನು ಓದಿ ತಿದ್ದಿದರು. ನಮ್ಮ ರಾಜ್ಯದ ತಂತ್ರಾಂಶ ಉದ್ಯಮ ಬೆಳೆಯಲು ಆ ಕೆಲಸವೂ ಒಂದು ಕಾರಣ. ಅವರಿಗೆ ಆ ಹಳೆಯ ಸಾಲುಗಳು ಅರ್ಥವಾದದ್ದು ಏಕೆ? ದತ್ತಾಂಶದ ಬಗೆಯನ್ನು ಪದಗಳಲ್ಲಿ, ಒಂದೇ ಕಡೆ ಬರೆದಿಟ್ಟಿದ್ದರಿಂದ.

ಕುಣಿಗಲ್ ತಾಲ್ಲೂಕಿನ ಆ ಹುಡುಗ ಏನು ಮಾಡಿದ ಗೊತ್ತೇ? ಮುತ್ತಜ್ಜನ ಪುಸ್ತಕದ ಮೊದಲ ಹಾಳೆಯ ಹಿಂದೆ ಒಂದು ಚೀಟಿ ಅಂಟಿಸಿದ. ಮೊದಲನೆಯದು ರೂಪಾಯಿ, ಎರಡನೆಯದು ಆಣೆ, ಮೂರನೆಯದು ಪೈ ಎಂದು ಅದರಲ್ಲಿ ಬರೆದ. ಇನ್ನು ಆ ಪುಸ್ತಕವನ್ನು ಅವನ ಮೊಮ್ಮಕ್ಕಳೂ ಓದಬಲ್ಲರು.

ನೀವೇ ಮಾಡಿ ನೋಡಿ

1. 30 ಸೆಂಟಿಮೀಟರ್ ಉದ್ದದ ದಾರ ಕತ್ತರಿಸಿ. ಇದು ನಿಮ್ಮ ನ್ಯಾನೊಸೆಕೆಂಡ್. ನಿಮ್ಮ ತರಗತಿಯ ಉದ್ದ ಎಷ್ಟು ನ್ಯಾನೊಸೆಕೆಂಡ್? ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಬೆಳಕಿಗೆ ಎಷ್ಟು ನ್ಯಾನೊಸೆಕೆಂಡ್ ಬೇಕು? (ಸುಮಾರು 67,000 ಬಂದರೆ ನಿಮ್ಮ ಲೆಕ್ಕ ಸರಿ.)

2. ಹಳೆಯ ಲೆಕ್ಕದ 2-12-0 ಎಂಬುದನ್ನು ಇಂದಿನ ರೂಪಾಯಿ ಪೈಸೆಗೆ ಬದಲಿಸಿ. (ಉತ್ತರ: 2 ರೂ. 75 ಪೈ.) ಇನ್ನು 5 ರೂ. 50 ಪೈ. ಎಂಬುದನ್ನು ಆಣೆಯ ಲೆಕ್ಕಕ್ಕೆ ತಿರುಗಿಸಿ.

3. ನಿಮ್ಮ ಮನೆಯ ಹಿರಿಯರನ್ನು ಸೇರು, ಪಾವು, ಕೊಳಗಗಳ ಬಗ್ಗೆ ಕೇಳಿ. ಅಳತೆಯ ಸೇರು, ತೂಕದ ಸೇರು ಎರಡೂ ಒಂದೇ ಆಗಿತ್ತೇ? ತಿಳಿದುದನ್ನು ಬರೆದಿಡಿ. ಅಂಕಿಯ ಪಕ್ಕದಲ್ಲಿ ಅದು ಯಾವ ಅಳತೆ ಎಂಬುದನ್ನು ಬರೆಯಲು ಮರೆಯಬೇಡಿ!